ಹಡಗಿನ ಹೊಟ್ಟೆಯ ಬಣ್ಣ

ನಮ್ಮ ಮನೆಗೆ ಬಂದವರು ನಾನು ಮಾಡಿದ ಪುಟ್ಟ ಹಡಗು ನೋಡಿ ಕೇಳುವ ಮೊದಲ ಪ್ರಶ್ನೆ ಒಂದೇ. "ಇದು ನೀರಾಗ ತೇಲತೈತೇನ್ರಿ?" ಪಕ್ಕದಲ್ಲಿರುವ ಜಲಾಂತರ್ಗಾಮಿ ತೋರಿಸಿದರೆ, "ಮುಳುಗತೈತೇನ್ರಿ?" ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ, ಗಾಜಿನ ಕಪಾಟಿನಲ್ಲಿ ಸುಮ್ಮನೆ ನಿಂತಿರುತ್ತದೆ ಎಂದು ಹೇಳಿದರೆ, "ಹಂಗಾರ ಯಾಕ ಮಾಡ್ತೀರಿ?" ಅನ್ನುತ್ತಾರೆ. ಗೋಡೆಗೆ ಹುಲಿಯ ಪಟ ಹಾಕಿಕೊಂಡವರನ್ನು, ಇದು ಕಚ್ಚತೈತೇನ್ರಿ ಎಂದು ಯಾರೂ ಕೇಳುವುದಿಲ್ಲ. ನನ್ನ ಹಡಗಿಗೆ ಮಾತ್ರ ಈ ಪರೀಕ್ಷೆ.

ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ದೀಪ, ಒಂದು ಭೂತಗನ್ನಡಿ. ಕೊರಿಯರ್‌ನಲ್ಲಿ ಡಬ್ಬ ಬರುತ್ತದೆ. ಅದರೊಳಗೆ ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಚೌಕಟ್ಟಿಗೆ ಅಂಟಿಕೊಂಡ ನೂರಾರು ತುಂಡುಗಳು. ಒಂದೊಂದನ್ನೇ ಕತ್ತರಿಸಿ, ಅರದಿಂದ ಉಜ್ಜಿ, ಅಂಟಿಸಿ, ಸಂದುಗಳಿಗೆ ಪುಟ್ಟಿ ಮೆತ್ತಿ, ತಿಕ್ಕಿ, ಕೊನೆಗೆ ಬಣ್ಣ. ಜೋಳದ ಕಾಳಿನಷ್ಟು ದೊಡ್ಡ ಲಂಗರು, ಕೂದಲಿನಷ್ಟು ತೆಳ್ಳಗಿನ ಹಗ್ಗ. ಕೈ ನಡುಗಿದರೆ ಹದಿನೈದು ದಿನದ ಕೆಲಸ ಮಣ್ಣುಪಾಲು. ಯಾಕೆ ಮಾಡುತ್ತೇನೆ ಎಂದು ಕೇಳುವವರಿಗೆ ಕೊಡದ ಉತ್ತರವನ್ನು ಇಲ್ಲಿ ಕೊಡುತ್ತೇನೆ. ನಾನು ಇಂಥದೊಂದು ಹಡಗಿನ ಮೇಲೆ ಇರಬೇಕಾಗಿತ್ತು. ಇರಲಿಕ್ಕೆ ಆಗಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಅಪ್ಪ ಮೆಣಸಿನಕಾಯಿ ಪೇಟೆಯ ಒಂದು ದಲ್ಲಾಳಿ ಅಂಗಡಿಯಲ್ಲಿ ಬಣ್ಣ ನೋಡುವವನು. ಚೀಲ ಸುರಿದು ರಾಶಿ ಮಾಡಿದ ಮೇಲೆ ಅಪ್ಪ ಬರುತ್ತಿದ್ದ. ರಾಶಿಯ ಹೊಟ್ಟೆಯೊಳಗೆ ಕೈ ಹಾಕಿ ಒಂದು ಕಾಯಿ ತೆಗೆದು, ಮುರಿದು, ಸಿಪ್ಪೆಯನ್ನು ಅಂಗೈಗೆ ತಿಕ್ಕಿ, ಬಿಸಿಲಿಗೆ ಹಿಡಿದು, ಮೂಸಿ, ಒಂದೇ ಒಂದು ಮಾತು ಹೇಳುತ್ತಿದ್ದ. ಆ ಮಾತಿನ ಮೇಲೆ ಮಾತಿಲ್ಲ. ರೈತ, ದಲ್ಲಾಳಿ, ದೂರದಿಂದ ಬಂದ ಖರೀದಿದಾರ, ಎಲ್ಲರೂ ಒಪ್ಪಬೇಕು. "ಅಂವನ ಕಣ್ಣು ಕಣ್ಣಲ್ಲಪಾ, ತಕ್ಕಡಿ" ಎಂದು ಪೇಟೆಯವರು ಹೇಳುತ್ತಿದ್ದರು. ಅಪ್ಪ ಅದನ್ನು ಕೇಳಿಯೂ ಕೇಳದವನ ಹಾಗೆ ಮೀಸೆ ಒರೆಸಿಕೊಳ್ಳುತ್ತಿದ್ದ.

ಆರು ವರ್ಷದವನಿದ್ದಾಗ ಒಂದು ದಿನ ನನ್ನನ್ನೂ ಪೇಟೆಗೆ ಕರೆದುಕೊಂಡು ಹೋದ. ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕೆಂಪು ಕಾಯಿಯೊಳಗಿನ ಹಸಿರು ಕಾಯಿ ಆರಿಸುತ್ತಿದ್ದರು. "ನೀನೂ ಆರ್ಸು ಬಾ" ಎಂದು ಒಬ್ಬಾಕೆ ಮೊರ ಕೊಟ್ಟಳು. ನಾನು ಶ್ರದ್ಧೆಯಿಂದ ಆರಿಸಿ ಕೊಟ್ಟೆ. ಆಕೆ ಮೊರ ನೋಡಿ ನಕ್ಕಳು, ಪಕ್ಕದವಳಿಗೆ ತೋರಿಸಿದಳು, ಅವಳೂ ನಕ್ಕಳು. ಅಪ್ಪ ಬಂದು ಮೊರ ನೋಡಿದ. ನಗಲಿಲ್ಲ. ಕಾಯಿಗಳನ್ನು ರಾಶಿಗೆ ಚೆಲ್ಲಿ, ನನ್ನ ರಟ್ಟೆ ಹಿಡಿದು ನೇರ ಮನೆಗೆ ತಂದು ಬಿಟ್ಟ. "ಇಂವಗ ಘಾಟು ಆಗಿಬರೂದಿಲ್ಲ, ಪೇಟಿಗೆ ಕಳಸಬ್ಯಾಡ" ಎಂದು ಅವ್ವನಿಗೆ ಹೇಳಿದ. ಅವತ್ತು ನಾನು ಒಂದು ಸೀನೂ ಸೀನಿರಲಿಲ್ಲ. ಆದರೂ ನನಗೆ ಘಾಟು ಆಗುವುದಿಲ್ಲ ಎಂದು ನಾನೇ ನಂಬಿ ದೊಡ್ಡವನಾದೆ.

ಹದಿನೆಂಟಕ್ಕೆ ನೌಕಾದಳದ ಹುಚ್ಚು ಹಿಡಿಯಿತು. ಒಂದು ವರ್ಷ ದಿನಾ ನಸುಕಿನಲ್ಲಿ ಮೋಟೆಬೆನ್ನೂರು ರಸ್ತೆಯಲ್ಲಿ ಓಡಿದೆ, ಕೆರೆಯಲ್ಲಿ ಈಜಿದೆ, ಬಾವಿಗಟ್ಟೆಯ ಮೇಲೆ ದಂಡ ಹೊಡೆದೆ. ಅಪ್ಪ ತಾನೇ ಎದ್ದು ನನಗೆ ನೆನೆಸಿದ ಕಡಲೆ, ಬೆಲ್ಲ ಇಟ್ಟು ಹೋಗುತ್ತಿದ್ದ. ಬೆಳಗಾವಿಯ ಭರ್ತಿಯಲ್ಲಿ ಓಟ ಗೆದ್ದೆ, ಎತ್ತರ ಗೆದ್ದೆ, ಎದೆ ಗೆದ್ದೆ. ಕೊನೆಗೆ ಡಾಕ್ಟರರು ಒಂದು ಪುಸ್ತಕ ತೆರೆದರು. ಪುಟದ ತುಂಬ ಬರೀ ಚುಕ್ಕೆಗಳು. "ಯಾವ ನಂಬರ್ ಐತಿ?" ಎಂದರು. "ನಂಬರ್ ಎಲ್ಲೈತ್ರಿ?" ಎಂದೆ. ಅವರು ಪುಟ ತಿರುಗಿಸಿದರು, ಮತ್ತೆ ತಿರುಗಿಸಿದರು, ಪುಸ್ತಕ ಮುಚ್ಚಿದರು. ನನಗೆ ಕೆಂಪು, ಹಸಿರು ಬೇರೆ ಬೇರೆ ಕಾಣುವುದಿಲ್ಲ ಎಂದು ಅವತ್ತು ಗೊತ್ತಾಯಿತು. ನನ್ನ ಪಾಲಿಗೆ ಎರಡೂ ಒಂದೇ ಥರದ ಮಣ್ಣಿನ ಬಣ್ಣ.

ಮನೆಗೆ ಬಂದು, "ಎದಿ ಸುತ್ತಳತಿ ಸಾಲಲಿಲ್ಲ" ಎಂದು ಸುಳ್ಳು ಹೇಳಿದೆ. ಬ್ಯಾಡಗಿಯಲ್ಲಿ ಬಣ್ಣ ನೋಡುವವನ ಮುಂದೆ ನಿಂತು ನನಗೆ ಬಣ್ಣ ಕಾಣುವುದಿಲ್ಲ ಎಂದು ಹೇಗೆ ಹೇಳಲಿ? ಅಪ್ಪ ನನ್ನ ಎದೆಯ ಕಡೆ ನೋಡಿದ. "ಹೋಗ್ಲಿ ಬಿಡು, ಊಟಾ ಮಾಡು" ಅಂದ. ಆ ಸುಳ್ಳನ್ನು ನಾನು ಮೂವತ್ತೆಂಟು ವರ್ಷ ಸಾಕಿದೆ. ಹೆಂಡತಿಗೂ ಹೇಳಲಿಲ್ಲ. ಸೀರೆ ಅಂಗಡಿಯಲ್ಲಿ "ನಿನಗ ಯಾವುದು ಛಲೋ ಕಾಣ್ತದೋ ಅದನ್ನ ತಗೋ" ಎಂದು ಉದಾರಿಯಾದೆ. ಟೊಮ್ಯಾಟೊ ಹಣ್ಣಾಗಿದೆಯೋ ಇಲ್ಲವೋ ಒತ್ತಿ ನೋಡಿದೆ.

ಹಡಗು ಕಟ್ಟುವುದರಲ್ಲಿ ನನ್ನನ್ನು ಕಾಪಾಡಿದ್ದು ಅಂಕಿಗಳು. ಈ ಬಣ್ಣಗಳು ಸಣ್ಣ ಸಣ್ಣ ಗಾಜಿನ ಡಬ್ಬಿಗಳಲ್ಲಿ ಬರುತ್ತವೆ, ಪ್ರತಿ ಬಣ್ಣಕ್ಕೂ ಒಂದು ನಂಬರು. ಯಾವ ಭಾಗಕ್ಕೆ ಯಾವ ನಂಬರು ಎಂದು ಹಡಗಿನ ಡಬ್ಬದ ಜೊತೆ ಬರುವ ಹಾಳೆಯಲ್ಲಿ ಬರೆದಿರುತ್ತದೆ. ನಾನು ಡಬ್ಬಿಗಳ ಕರಿ ಮುಚ್ಚಳದ ಮೇಲೆ ಬಿಳಿ ಪೆನ್ನಿನಿಂದ ನಂಬರು ಬರೆದು ಸಾಲಾಗಿ ಇಟ್ಟಿದ್ದೆ. ಕಣ್ಣಿಲ್ಲದವನಿಗೆ ಲೆಕ್ಕವೇ ಊರುಗೋಲು. ಯಾರನ್ನೂ ಕೇಳುವ ಹಂಗಿಲ್ಲ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅವ್ವ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆ ಹಾವೇರಿಗೆ ಬಂದ. ನಾನು ಕೆಲಸಕ್ಕೆ ಕುಳಿತರೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ನಾಲ್ಕು ವರ್ಷದ ಕೆಳಗೆ ನಾನು ಎರಡನೇ ಮಹಾಯುದ್ಧದ ಕಾಲದ ಒಂದು ದೊಡ್ಡ ಯುದ್ಧನೌಕೆಗೆ ಕೈ ಹಾಕಿದೆ. ಮೊಳದುದ್ದದ್ದು. ಎಂಟು ತಿಂಗಳು ಹಿಡಿಯಿತು. ನೀರಿನ ಗೆರೆಯಿಂದ ಮೇಲೆ ಬೂದು, ಗೆರೆಯಿಂದ ಕೆಳಗೆ ಹಡಗಿನ ಹೊಟ್ಟೆಗೆಲ್ಲ ಕೆಂಪು. ನಿಜವಾದ ಹಡಗಿಗೆ ಪಾಚಿ, ಶಂಖದ ಹುಳ ಹತ್ತಬಾರದು ಎಂದು ಬಳಿಯುವ ಇಟ್ಟಿಗೆಗೆಂಪು ಅದು. ಹಾಳೆ ನೋಡಿ, ಮುಚ್ಚಳ ನೋಡಿ, ಮೂರು ಕೈ ಬಳಿದೆ.

ಮುಗಿದ ದಿನ ಮನೆಯಲ್ಲಿ ಗೋಧಿ ಹುಗ್ಗಿ. ಮಗಳು ಧಾರವಾಡದಿಂದ ಬಂದಿದ್ದಳು. "ಭಾಳ ಛಂದ ಆಗೇದ ಪಪ್ಪಾ" ಅಂದಳು. ಹೆಂಡತಿ ಹಡಗಿಗೆ ದೃಷ್ಟಿ ತೆಗೆದಳು. ಅಪ್ಪ ಅದರ ಹೊಟ್ಟೆಯ ಮೇಲೆ ಬೆರಳಾಡಿಸಿ, "ಕೈ ಕುಂತೈತಿ ನಿನಗ" ಅಂದ. ಅಪ್ಪ ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಇನ್ನೊಂದು ಬಟ್ಟಲು ಹುಗ್ಗಿ ಹಾಕಿಸಿಕೊಂಡೆ. ಹಡಗನ್ನು ಪಡಸಾಲೆಯ ಕಪಾಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟೆವು. ಆಮೇಲೆ ಅದೇ ಡಬ್ಬಿಯಿಂದ ಎರಡು ಜಲಾಂತರ್ಗಾಮಿಗಳ ಹೊಟ್ಟೆಗೂ ಬಳಿದೆ.

ಮೂರು ವರ್ಷ ಹಾಗೇ ಕಳೆಯಿತು. ಹೋದ ಚಳಿಗಾಲದಲ್ಲಿ ರಾಣೆಬೆನ್ನೂರಿನ ಒಂದು ಕಾಲೇಜಿನವರು ಹವ್ಯಾಸಗಳ ಪ್ರದರ್ಶನ ಇಟ್ಟರು. ಅಂಚೆಚೀಟಿಯವರು, ಹಳೇ ನಾಣ್ಯದವರು, ಕುಂಡದಲ್ಲಿ ಆಲದ ಮರ ಬೆಳೆಸಿದವರು, ಅವರ ನಡುವೆ ನಾನು ಮತ್ತು ನನ್ನ ಯುದ್ಧನೌಕೆ. ಇಡೀ ಬೆಳಿಗ್ಗೆ ತೇಲತೈತೇನ್ರಿ, ಮುಳುಗತೈತೇನ್ರಿ. ಮಧ್ಯಾಹ್ನ ಹಲಗೇರಿ ಕಡೆಯ ಒಬ್ಬ ಗಟ್ಟಿ ಆಳು ಬಂದ. ಹದಿನೈದು ವರ್ಷ ನೌಕಾದಳದಲ್ಲಿದ್ದು ಬಂದವನಂತೆ. ಅವನು ತೇಲುವ ಮಾತೆತ್ತಲಿಲ್ಲ. ತೋಪುಗಳನ್ನು ಎಣಿಸಿದ, ಹಗ್ಗಗಳನ್ನು ನೋಡಿದ, ತಲೆದೂಗಿದ. ನನ್ನ ಎದೆ ಇಷ್ಟಗಲವಾಯಿತು. ಆಮೇಲೆ ಬಗ್ಗಿ ಕೆಳಗೆ ನೋಡಿದ.

"ಸರ್, ಎಲ್ಲಾ ಖರೇ ಹಡಗಿನಂಗ ಐತ್ರಿ. ಹೊಟ್ಟಿಗೆ ಯಾಕ ಹಸಿರು ಹಚ್ಚೀರಿ? ಅಲ್ಲಿ ಕೆಂಪು ಇರತೈತಿ."

"ಬೇಕಂತ ಹಚ್ಚೇನಿ. ಗುರ್ತು ಹಿಡಿಯಾವ್ರು ಎಷ್ಟು ಮಂದಿ ಬರ್ತಾರ ನೋಡೂಣಂತ" ಎಂದೆ. ಅವನು ಜೋರಾಗಿ ನಕ್ಕು, "ಮಾಸ್ತರು ಇಲ್ಲೂ ಪರೀಕ್ಷಾ ಇಟ್ಟಾರ ನೋಡ್ರಿ" ಎಂದು ಸುತ್ತಲಿನವರಿಗೆಲ್ಲ ಹೇಳಿದ. ಎಲ್ಲರೂ ಬಗ್ಗಿ ನೋಡಿದರು. ನಾನೂ ಬಗ್ಗಿ ನೋಡಿದೆ. ನನಗೆ ಮಣ್ಣಿನ ಬಣ್ಣವೇ ಕಂಡಿತು. ಪ್ರದರ್ಶನ ಮುಗಿಯುವ ಮೊದಲೇ ಹಡಗನ್ನು ಡಬ್ಬಕ್ಕೆ ಹಾಕಿಕೊಂಡು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹಾವೇರಿಗೆ ಬಂದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದೆ. ಮೂರು ವರ್ಷ ಎಷ್ಟು ಜನ ಆ ಕಪಾಟಿನ ಮುಂದೆ ನಿಂತು, ಚಹಾ ಕುಡಿದು, ಛಂದ ಐತ್ರಿ ಎಂದು ಹೋಗಿದ್ದರು! ಒಬ್ಬನಾದರೂ ಬಾಯಿ ಬಿಡಬಾರದಿತ್ತೇ?

ಹೆಂಡತಿ ಬಾಗಿಲು ತೆಗೆದಳು. ಚಪ್ಪಲಿಯನ್ನೂ ಬಿಡದೆ ಕೇಳಿದೆ. "ಇದರ ಹೊಟ್ಟಿ ಹಸಿರು ಐತಿ ಅಂತ ನಿನಗ ಗೊತ್ತಿತ್ತೇನು?"

ಆಕೆ ಸೆರಗು ಹಿಂಡಿಕೊಂಡು ನಿಂತಳು. "ಗೊತ್ತಿತ್ರಿ."

"ಮಗಳಿಗೆ?"

"ಆಕಿಗೂ ಗೊತ್ತೈತ್ರಿ."

ತಪ್ಪು ಆಕೆಯದೇ ಆಗಿತ್ತು. ಮಹಾನವಮಿಗೆ ಘಟ ಕೂರಿಸುವ ಮುಂಚೆ ನಮ್ಮ ಕಡೆ ಮನೆಯಲ್ಲಿರುವ ಚಮಚದಿಂದ ಕೌದಿಯವರೆಗೆ ಎಲ್ಲ ತೊಳೆಯಲೇಬೇಕು. ನಾನು ಯುದ್ಧನೌಕೆ ಕಟ್ಟುತ್ತಿದ್ದ ವರ್ಷ ಆಕೆಯ ಕೈ ನನ್ನ ಮೇಜಿಗೂ ಬಂದಿದೆ. ಬಣ್ಣ ಮೆತ್ತಿದ ಮೂರ್ನಾಲ್ಕು ಮುಚ್ಚಳಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ತಿಕ್ಕಿ, ಒರೆಸಿ, ಕೈಗೆ ಸಿಕ್ಕದ್ದನ್ನು ಸಿಕ್ಕ ಡಬ್ಬಿಗೆ ಹಾಕಿದ್ದಾಳೆ. "ಎಲ್ಲಾ ಒಂದಽ ನಮೂನಿ ಮುಚ್ಚಳ. ಹಿಟ್ಟಿನ ಡಬ್ಬಿಗೆ ಹಾಕಿದಂಗ ಹಾಕಿದೆ. ಒಳಗಿನ ಬಣ್ಣ ನಿಮಗ ಕಾಣತೈತಿ ಅನ್ಕೊಂಡೆ" ಅಂದಳು. ನಾನು ಕೆಂಪಿನ ನಂಬರು ನೋಡಿ ಹಸಿರು ಬಳಿದಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ನನಗೆ ಸಿಟ್ಟು ಬಂದದ್ದು ಮುಚ್ಚಳಕ್ಕಲ್ಲ.

"ನೋಡಿದ ಕೂಡ್ಲೆ ಯಾಕ ಹೇಳಲಿಲ್ಲ?"

"ಮಾವಾರಿಗೆ ಕೇಳಿದ್ನಿ. ಇವರು ಹಿಂಗ್ಯಾಕ ಹಸಿರು ಬಳದಾರಂತ. ಅಂವಗ ಮೊದಲಿಂದ ಕಾಣೂದಿಲ್ಲ, ಯಾರೂ ತುಟಿ ಪಿಟಕ್ಕನಬ್ಯಾಡ್ರಿ ಅಂದ್ರು."

ಅಪ್ಪ ಹಿತ್ತಲ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದ. ಎಂಬತ್ತೆರಡರ ಮುದುಕನ ಮುಂದೆ ನಿಂತು ನಾನು ಕೂಗಾಡಿದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

"ಯಾವಾಗಿಂದ ಗೊತ್ತಿತ್ತು ನಿನಗ?"

"ನೀ ಮೊರದಾಗ ಕಾಯಿ ಆರಿಸಿದ ದಿನದಿಂದ."

"ಮತ್ತ ನೇವಿ? ಅಲ್ಲಿ ಕಣ್ಣು ನೋಡ್ತಾರಂತ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು. ಅಂಗಡಿಗೆ ಬರೋ ಒಬ್ಬ ಮಿಲಿಟರಿಯಾಂವ ಹೇಳಿದ್ದ."

"ಗೊತ್ತಿದ್ದೂ ಒಂದು ವರ್ಷ ನನ್ನ ಓಡಿಸಿದೇನು? ಕಡ್ಲಿ ಬೆಲ್ಲಾ ಕೊಟ್ಟು ಓಡಿಸಿದೇನು?"

"ಹೇಳಿದ್ರ ನೀ ಡಾಕ್ಟರ್ ಕಡೆ ಓಡ್ತಿದ್ದಿ. ಡಾಕ್ಟರ್ ನಮ್ಮೂರಾಂವ. ಸಂಜಿಮಟ ಪೇಟಿ ತುಂಬಾ ಸುದ್ದಿ. ಬಣ್ಣಾ ನೋಡಾಂವನ ಮಗಗ ಬಣ್ಣಾ ಕಾಣೂದಿಲ್ಲಂದ್ರ, ಅಪ್ಪಗರೇ ನೆಟ್ಟಗ ಕಾಣತೈತೇನು ಅಂತಿದ್ರು. ನನ್ನ ಮಾತು ಯಾರು ನಂಬ್ತಿದ್ರು? ಹೊಟ್ಟಿಪಾಡು ಅದು."

ಇಷ್ಟು ವರ್ಷ ನಾನು ಅವನ ಮನಸ್ಸು ನೋಯಬಾರದು ಎಂದು ಸುಳ್ಳು ಹೇಳಿದ್ದೆ. ಅವನು ಮುಚ್ಚಿಟ್ಟದ್ದು ನನ್ನ ಮನಸ್ಸಿಗಾಗಿ ಅಲ್ಲವೇ ಅಲ್ಲ. ಮನೆ ದೀಪ ಎಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಡುತ್ತದೆಯೇ? ನಾನು ತಿಂಗಳುಗಟ್ಟಲೆ ಅಪ್ಪನ ಜೊತೆ ಮಾತು ಬಿಟ್ಟೆ. ಊಟಕ್ಕೆ ಬೇರೆ ಹೊತ್ತಿನಲ್ಲಿ ಕುಳಿತೆ.

ಹಡಗಿನ ಹೊಟ್ಟೆಯನ್ನು ಮರಳು ಕಾಗದದಿಂದ ತಿಕ್ಕಿ ತಿಕ್ಕಿ ಬರಿದು ಮಾಡಿದೆ. ಬೆರಳ ತುದಿಗಳು ಸವೆದು ಉರಿಯುತ್ತಿದ್ದವು. "ಡಬ್ಬಿ ನಾ ತೋರಸ್ತೇನ್ರಿ" ಎಂದು ಹೆಂಡತಿ ಹೇಳಿದಳು. "ನಿನ್ನ ಉಪಕಾರ ಸಾಕು" ಎಂದೆ. ಹಸಿರು ಎಂದು ಗೊತ್ತಾದ ಡಬ್ಬಿ ಬಿಟ್ಟು, ನನಗೆ ಮಣ್ಣಿನ ಬಣ್ಣ ಕಾಣುವ ಇನ್ನೆರಡು ಡಬ್ಬಿ ತೆಗೆದುಕೊಂಡು ಹೋಗಿ ಅಪ್ಪನ ಮುಂದಿಟ್ಟೆ. "ಹೇಳು. ಕೆಂಪು ಯಾವುದು?" ಅವನ ಬಾಯಿಂದಲೇ ಹೇಳಿಸಬೇಕು, ಅವನಿಗೆ ಚುಚ್ಚಬೇಕು, ಅದು ನನ್ನ ಉದ್ದೇಶ. ಅದರ ಕೆಳಗೆ ಇನ್ನೊಂದು ಆಸೆಯೂ ಇತ್ತು. ಜೀವಮಾನದಲ್ಲಿ ಒಮ್ಮೆ, ಮಗನಾಗಿ, ಅಪ್ಪನನ್ನು ಬಣ್ಣ ಕೇಳಬೇಕು ಎನ್ನುವ ಆಸೆ.

ಅಪ್ಪ ನೆಟ್ಟಗೆ ಕುಳಿತ. ಒಂದೊಂದೇ ಡಬ್ಬಿ ತೆರೆದು, ಒಂದೊಂದು ಹನಿ ಅಂಗೈಗೆ ತಿಕ್ಕಿ, ಬಿಸಿಲಿಗೆ ಹಿಡಿದು, ಮೂಸಿ ನೋಡಿದ. ಪೇಟೆಯಲ್ಲಿ ಹೇಳುತ್ತಿದ್ದ ಹಾಗೆ ಒಂದೇ ಮಾತು ಹೇಳಿದ. "ಇದು."

ಎರಡು ದಿನ ಬಳಿದೆ. ಆ ಎರಡು ದಿನ ಅಪ್ಪ ಕುರ್ಚಿಯನ್ನು ಬಾಗಿಲಿನಿಂದ ಮೇಜಿನ ಪಕ್ಕಕ್ಕೆ ತಂದುಕೊಂಡಿದ್ದ. ಗಿಡ್ಡ ದಪ್ಪನೆಯ ಡಬ್ಬಿ ಮೆಣಸಿನಕಾಯಿ ಹೇಗೆ, ಉದ್ದ ತೆಳ್ಳನೆಯ ಕಡ್ಡಿ ಕಾಯಿ ಹೇಗೆ, ಮಳೆ ಬಿದ್ದ ಕಾಯಿ ಬಿಸಿಲಿನಲ್ಲಿ ಹೇಗೆ ಕಪ್ಪಾಗುತ್ತದೆ, ಯಾವ ಖರೀದಿದಾರ ಹೇಗೆ ಮೋಸ ಮಾಡಲು ಬಂದ, ಎಲ್ಲ ಹೇಳಿದ. ನಾನು ನಕ್ಕೆ ಕೂಡ. ನಮ್ಮಿಬ್ಬರ ನಡುವೆ ಅಷ್ಟು ಮಾತು ಹಿಂದೆಂದೂ ಆಗಿರಲಿಲ್ಲ.

ಎರಡನೇ ದಿನ ಹೆಂಡತಿ ಚಹಾ ತಂದು ಹೊಸ್ತಿಲಲ್ಲೇ ನಿಂತಳು. ಹಡಗು ನೋಡಿದಳು, ಅಪ್ಪನ ಮುಖ ನೋಡಿದಳು, ನೆಲ ನೋಡಿದಳು. ನನಗೆ ಅರ್ಥವಾಯಿತು.

"ಹೇಳು. ಇನ್ನೊಮ್ಮಿ ಮುಚ್ಚಿಟ್ರ ಈ ಮನ್ಯಾಗ ನಾ ಇರೂದಿಲ್ಲ."

"ಹಸಿರಽ ಐತ್ರಿ" ಅಂದಳು, ಅಳುವ ದನಿಯಲ್ಲಿ.

ಅಪ್ಪ ಬಣ್ಣ ಹತ್ತಿದ ಅಂಗೈಯನ್ನು ಧೋತರಕ್ಕೆ ಒರೆಸಿಕೊಳ್ಳತೊಡಗಿದ. ಎಷ್ಟು ಒರೆಸಿದರೂ ಹೋಗುವ ಬಣ್ಣವಲ್ಲ ಅದು. ಹೆಂಡತಿ ಒಳಗೆ ಹೋದ ಮೇಲೆ ನೆಲ ನೋಡುತ್ತ ಹೇಳಿದ. "ಆರೇಳು ವರ್ಷ ಆತು, ಎಲ್ಲಾ ಬೂದಿ ಬೂದಿ ಕಾಣತೈತಿ ನನಗ."

"ಮತ್ತ ಯಾಕ ಹೇಳಿದಿ? ಗೊತ್ತಾಗೂದಿಲ್ಲ ಅನ್ನಬೇಕಿತ್ತು."

"ಮೊದಲನೇ ಸಲ ಕೇಳಿದೆಲ್ಲೋ ನೀನು. ಗೊತ್ತಿಲ್ಲ ಅನ್ನಾಕ ಬಾಯಿ ಬರಲಿಲ್ಲ."

ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಯ್ಯೋ, ಈ ಮುದುಕನೂ ನನ್ನ ಹಾಗೇ ಒಬ್ಬನೇ ಕುಳಿತು ಮುಚ್ಚಿಕೊಂಡಿದ್ದನಲ್ಲ ಎನ್ನಿಸಿತು. ಪೊರೆ ಇರಬೇಕು, ತೆಗೆಸಿದರೆ ಕಂಡೀತು ಎಂದು ಧೈರ್ಯ ಹೇಳಿದೆ. ಅವನ ಕೈಯನ್ನು ನಾನೇ ಸೀಮೆಎಣ್ಣೆ ಹಚ್ಚಿ ತೊಳೆದೆ. ಮರುವಾರ ಶಾಲೆಗೆ ರಜೆ ಹಾಕಿ, ರಿಕ್ಷಾ ಮಾಡಿಕೊಂಡು, ಹಾವೇರಿಯ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ.

ಬೆಂಚುಗಳ ತುಂಬ ಜನ. ನಾವು ಕುಳಿತುಕೊಳ್ಳುವ ಹೊತ್ತಿಗೆ ಎದುರಿನ ಬೆಂಚಿನ ಮುದುಕನೊಬ್ಬ ಅಪ್ಪನನ್ನು ಗುರುತು ಹಿಡಿದ. ಬ್ಯಾಡಗಿ ಪೇಟೆಯ ಹಳೇ ದಲ್ಲಾಳಿ. ಎದ್ದು ಬಂದು ಎರಡೂ ಕೈ ಹಿಡಿದುಕೊಂಡ.

"ಏನ್ರಿ, ನೀವಿಲ್ಲಿ? ಬ್ಯಾಡಗ್ಯಾಗ ನಿಮ್ಮ ಕಣ್ಣಿನಂಥಾ ಕಣ್ಣು ಇನ್ನೊಂದು ಇರಲಿಲ್ಲ. ಅದಕ್ಕ ಏನಾತ್ರಿ?"

ಅಪ್ಪನ ಬೆನ್ನು ನೆಟ್ಟಗಾಯಿತು. ಕೈ ಮೀಸೆಗೆ ಹೋಯಿತು.

"ನನಗೇನಾಗೇತ್ರಿ! ಮಗನ್ನ ತೋರಸಾಕ ಬಂದೇನಿ. ಇಂವಗ ಕೆಂಪು ಹಸಿರು ತಿಳಿಯೂದಿಲ್ಲ. ಹುಟ್ಟಾ ಹಂಗ."

ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ದಲ್ಲಾಳಿ ತಲೆಯಾಡಿಸಿ, "ಅಯ್ಯ ಪಾಪ, ಇಂಥಾವ್ರ ಹೊಟ್ಟೀಲೆ ಹಿಂಗ ಹುಟ್ಟಬಾರದಿತ್ತು" ಅಂದ. ಅಷ್ಟರಲ್ಲಿ ಒಳಗಿನಿಂದ ಅಪ್ಪನ ಹೆಸರು ಕೂಗಿದರು. ಅಪ್ಪ ಏಳಲಿಲ್ಲ. ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದ.

"ಏಳೋ, ನಿನ್ನ ಪಾಳಿ ಬಂತು."

ನಾನು ಎದ್ದು ಒಳಗೆ ಹೋದೆ.